ಕೈಗಾದ ಕರಿಪದರ

ಲೋಹ ಕೆಡುವುದಕ್ಕೆ ನಮ್ಮಲ್ಲಿ ಎರಡು ಮಾತುಗಳಿವೆ. ಕಬ್ಬಿಣಕ್ಕೆ ಹಿಡಿಯುವುದು ತುಕ್ಕು, ತಾಮ್ರ ಹಿತ್ತಾಳೆಗಳಿಗೆ ಹಿಡಿಯುವುದು ಕಿಲುಬು. ಬಂಟ್ವಾಳದ ನಮ್ಮ ಮನೆಯಲ್ಲಿ ಈ ಎರಡರ ಜತೆಗೂ ವರ್ಷವಿಡೀ ಹೋರಾಟವಿತ್ತು. ಆಟಿ ತಿಂಗಳ ಮಳೆ ಹಿಡಿಯುವ ಮೊದಲೇ ಕತ್ತಿ, ಹಾರೆಗಳಿಗೆಲ್ಲ ಎಣ್ಣೆ ಸವರಿ ಒಲೆಯ ಮೇಲಿನ ಅಟ್ಟಕ್ಕೆ ಏರಿಸುತ್ತಿದ್ದರು. ಮಳೆ ಕಳೆದ ಮೇಲೆ ಕಲಾಯಿ ಹಾಕುವವರು ಬರುತ್ತಿದ್ದರು. ಅಂಗಳದ ಮೂಲೆಯಲ್ಲಿ ಸಣ್ಣ ಹೊಂಡ ತೋಡಿ, ತಿದಿ ಒತ್ತಿ, ಇದ್ದಿಲು ಕೆಂಪಾದಾಗ ಪಾತ್ರೆಯನ್ನು ಬೋರಲು ಹಾಕಿ ಕಾಯಿಸುತ್ತಿದ್ದರು. ನವಸಾಗರದ ಪುಡಿ ಎರಚಿದೊಡನೆ ಬಿಳಿ ಹೊಗೆ ಏಳುತ್ತಿತ್ತು. ತವರದ ಕಡ್ಡಿಯನ್ನು ಮುಟ್ಟಿಸಿ, ಹತ್ತಿಯ ಉಂಡೆಯಿಂದ ಒಂದೇ ಸುತ್ತು ಉಜ್ಜಿದರೆ ಕಪ್ಪಾಗಿದ್ದ ಪಾತ್ರೆಯ ಒಳಗು ಬೆಳ್ಳಿಯಂತೆ ಹೊಳೆಯುತ್ತಿತ್ತು. ಕಲಾಯಿ ಹೋದ ಪಾತ್ರೆಯಲ್ಲಿ ಹುಳಿ ಬೇಯಿಸಬಾರದು ಎಂಬುದು ಅಜ್ಜಿಯ ಕಟ್ಟಪ್ಪಣೆ. ಹುಣಿಸೆ ತಾಮ್ರವನ್ನು ಕರಗಿಸುತ್ತದೆ, ಕರಗಿದ್ದು ಹೊಟ್ಟೆಗೆ ಹೋಗುತ್ತದೆ. ಇಡೀ ಮನೆಯ ಆರೋಗ್ಯವನ್ನು ಕಾಯುತ್ತಿದ್ದುದು ಉಗುರಿನಲ್ಲಿ ಕೆರೆದರೂ ಸಿಗದಷ್ಟು ತೆಳುವಾದ ತವರದ ಒಂದು ಪದರ.

ಮೂಡುಬಿದಿರೆಗೆ ಹೋದಾಗಲೆಲ್ಲ ಈ ಹೋರಾಟದ ಇನ್ನೊಂದು ಮುಖವನ್ನು ನೋಡುತ್ತೇನೆ. 1430ರಲ್ಲಿ ಕಟ್ಟಿದ ತ್ರಿಭುವನ ತಿಲಕ ಚೂಡಾಮಣಿ ಬಸದಿಯ, ಅಂದರೆ ನಾವೆಲ್ಲ ಸಾವಿರ ಕಂಬದ ಬಸದಿ ಎನ್ನುವುದರ, ಇಳಿಜಾರು ಮಾಡಿಗೆ ತಾಮ್ರದ ಹೊದಿಕೆಯಿದೆ. ಮಳೆಗೆ ಬಿದ್ದ ತಾಮ್ರ ಮೊದಲು ಕಂದುತ್ತದೆ, ವರ್ಷಗಳು ಕಳೆದಂತೆ ಹಸಿರಾಗುತ್ತದೆ. ಆ ಬಣ್ಣ ಬಂದ ಮೇಲೆ ಕೆಡುವ ವೇಗ ತೀರ ಇಳಿಯುತ್ತದೆ. ಪಾತ್ರೆಯಲ್ಲಿ ಶತ್ರುವಾದ ಕಿಲುಬು ಮಾಡಿನ ಮೇಲೆ ಕಾವಲುಗಾರ. ಕಲಾಯಿ ನಾವು ಹೊರಗಿನಿಂದ ಹಾಕುವ ಕವಚ. ತಾಮ್ರದ ಹಸಿರು ಲೋಹ ತಾನೇ ಬೆಳೆಸಿಕೊಳ್ಳುವ ಕವಚ. ಕರ್ನಾಟಕದ ಅಣುಸ್ಥಾವರದ ಕತೆಯನ್ನು ನಾನು ಈ ಎರಡು ಕವಚಗಳ ಕತೆಯಾಗಿಯೇ ಓದಿಕೊಂಡಿದ್ದೇನೆ. ಅದನ್ನೇ ಇಲ್ಲಿ ಹೇಳಬೇಕೆಂದಿದ್ದೇನೆ.

2018ರ ಡಿಸೆಂಬರ್ 31ರಂದು ಕಾರವಾರ ತಾಲ್ಲೂಕಿನ ಕೈಗಾದಲ್ಲಿ ಒಂದನೆಯ ಘಟಕವನ್ನು ನಿರ್ವಹಣೆಗಾಗಿ ನಿಲ್ಲಿಸಿದರು. 2016ರ ಮೇ 13ರಂದು ಓಡತೊಡಗಿದ ಆ ರಿಯಾಕ್ಟರ್ 962 ದಿನ ಒಮ್ಮೆಯೂ ನಿಂತಿರಲಿಲ್ಲ. ಅದುವರೆಗಿನ ವಿಶ್ವದಾಖಲೆ ಬ್ರಿಟನ್ನಿನ ಹೇಶಮ್ ಸ್ಥಾವರದ 940 ದಿನ. ಮೂರು ಮಳೆಗಾಲಗಳನ್ನು ದಾಟಿ, ಸುಮಾರು 500 ಕೋಟಿ ಯೂನಿಟ್ ವಿದ್ಯುತ್ತನ್ನು ಕೊಟ್ಟು ಕಾಳಿ ನದಿ ದಂಡೆಯ ಆ ಯಂತ್ರ ಅದನ್ನು ಮುರಿಯಿತು. ಪತ್ರಿಕೆಗಳು ದಿನಗಳ ಲೆಕ್ಕವನ್ನು ಬರೆದವು. ಆ ದಿನಗಳು ಸಾಧ್ಯವಾದದ್ದು ಹೇಗೆ ಎಂದು ಕೇಳಿದವರು ಕಡಿಮೆ. ಭಾರಜಲ ರಿಯಾಕ್ಟರಿನಲ್ಲಿ ಯಂತ್ರವನ್ನು ನಿಲ್ಲಿಸದೆಯೇ ಹಳೆ ಇಂಧನ ತೆಗೆದು ಹೊಸದನ್ನು ತುಂಬಬಹುದು ಎನ್ನುವುದು ಅರ್ಧ ಉತ್ತರ. ಉಳಿದರ್ಧ, ಸುಮಾರು 290 ಡಿಗ್ರಿ ಸೆಲ್ಸಿಯಸ್ ಬಿಸಿಯಾಗಿ, ವಾತಾವರಣದ ಒತ್ತಡದ ಎಂಬತ್ತು ಪಟ್ಟಿಗೂ ಮಿಕ್ಕಿದ ಒತ್ತಡದಲ್ಲಿ ಹರಿಯುವ ನೀರು ಅಷ್ಟೂ ದಿನಗಳಲ್ಲಿ ಲೋಹವನ್ನು ತಿಂದುಹಾಕಲಿಲ್ಲ ಎನ್ನುವುದು.

ಒಳಗೇನಿದೆ ಎಂದು ಹೇಳದೆ ಮುಂದೆ ಹೋಗಲಾಗದು. ಕೈಗಾದ ಒಂದೊಂದು ಘಟಕವೂ 220 ಮೆಗಾವಾಟಿನದು. ಅದರ ಹೊಟ್ಟೆಯಲ್ಲಿ ಅಡ್ಡಡ್ಡ ಮಲಗಿಸಿದ 306 ಕೊಳವೆಗಳಿವೆ. ಒಂದೊಂದರ ಒಳಗೂ ಇಂಧನದ ಕಟ್ಟುಗಳು, ಒಂದು ಕಟ್ಟಿಗೆ 19 ಕಡ್ಡಿಗಳು. ಕಡ್ಡಿಯ ಹೊರಕವಚವೂ ಜಿರ್ಕೋನಿಯಂ ಮಿಶ್ರಲೋಹ, ಕೊಳವೆಯೂ ಜಿರ್ಕೋನಿಯಂ ಮಿಶ್ರಲೋಹ. ಕೊಳವೆಯ ಗೋಡೆಯ ದಪ್ಪ ಬರೀ ಮೂರೂವರೆ ಮಿಲಿಮೀಟರಿನ ಆಸುಪಾಸು. ಆ ಕೊಳವೆಯನ್ನು ಸುತ್ತುವರಿದು ಇನ್ನೊಂದು ಕೊಳವೆ, ಎರಡರ ನಡುವಿನ ಸಂದಿಯಲ್ಲಿ ಇಂಗಾಲದ ಡೈಆಕ್ಸೈಡ್ ಅನಿಲ. ಹೊರಕೊಳವೆಯ ಆಚೆಗೆ ತಣ್ಣಗಿನ ಭಾರಜಲ. ಪ್ರತಿ ಕೊಳವೆಯ ಎರಡೂ ತುದಿಗೆ ನೀರು ತರುವ, ಒಯ್ಯುವ ಉಕ್ಕಿನ ಫೀಡರ್ ಪೈಪುಗಳು, ಒಟ್ಟು 612.

ಜಿರ್ಕೋನಿಯಂ ಏಕೆ ಬೇಕಾಯಿತು ಎಂಬುದಕ್ಕೆ ಅಮೆರಿಕದ ನೌಕಾಪಡೆಯ ಹೈಮನ್ ರಿಕೋವರ್ ಎಂಬ ಅಧಿಕಾರಿಯವರೆಗೆ ಹೋಗಬೇಕು. 1940ರ ದಶಕದ ಕೊನೆಯಲ್ಲಿ ಅಣುಶಕ್ತಿಯ ಜಲಾಂತರ್ಗಾಮಿ ಕಟ್ಟಲು ಹೊರಟ ಅವರಿಗೆ ನ್ಯೂಟ್ರಾನುಗಳನ್ನು ನುಂಗದ, ಬಿಸಿನೀರಿಗೆ ಜಗ್ಗದ ಲೋಹ ಬೇಕಿತ್ತು. ಜಿರ್ಕೋನಿಯಂ ನ್ಯೂಟ್ರಾನ್ ನುಂಗುತ್ತದೆ ಎಂದೇ ಮೊದಲು ನಂಬಿದ್ದರು. ಆಮೇಲೆ ತಿಳಿದದ್ದು, ನುಂಗುತ್ತಿದ್ದುದು ಅದರೊಳಗೆ ನೂರಕ್ಕೆ ಎರಡರಷ್ಟು ಅಡಗಿಕೊಂಡಿರುವ ಹ್ಯಾಫ್ನಿಯಂ ಎಂಬ ಅವಳಿ ಲೋಹ. ಅದನ್ನು ಬೇರ್ಪಡಿಸಿದರೆ ಜಿರ್ಕೋನಿಯಂ ನ್ಯೂಟ್ರಾನಿಗೆ ಗಾಜಿದ್ದಂತೆ. ಆದರೆ ಶುದ್ಧ ಜಿರ್ಕೋನಿಯಂ ಬಿಸಿನೀರಿನಲ್ಲಿ ಒಂದೊಂದು ಸಲ ಒಂದೊಂದು ಬಗೆಯಲ್ಲಿ ವರ್ತಿಸುತ್ತಿತ್ತು. ಒಂದು ತುಂಡು ಕಪ್ಪಗೆ ಹೊಳೆಯುತ್ತ ಉಳಿದರೆ, ಪಕ್ಕದ ತುಂಡು ಬಿಳಿ ಪುಡಿಯಾಗಿ ಉದುರುತ್ತಿತ್ತು. ಲೋಹದಲ್ಲಿ ಉಳಿದಿದ್ದ ಒಂದಿಷ್ಟು ನೈಟ್ರೋಜನ್ ಈ ಕೇಡಿಗೆ ಕಾರಣ.

ಅದಕ್ಕೆ ಮದ್ದಾಗಿ ಸಿಕ್ಕಿದ್ದು ತವರ. ನಮ್ಮ ಅಂಗಳದ ಕಲಾಯಿಯ ಅದೇ ತವರ! ಇಲ್ಲಿ ಅದನ್ನು ಮೇಲೆ ಬಳಿಯಲಿಲ್ಲ, ಲೋಹದ ಒಳಗೇ ಬೆರೆಸಿದರು. ಮೊದಲ ಬೆರಕೆಯಲ್ಲಿ ತವರ ನೂರಕ್ಕೆ ಎರಡೂವರೆ. ಅದು ಕೆಲಕಾಲ ಚೆನ್ನಾಗಿದ್ದು, ದಿನ ಹೋದಂತೆ ಕೆಡುವ ವೇಗ ಏರತೊಡಗಿತು. ಆ ಹೊತ್ತಿಗೆ ಆಕಸ್ಮಿಕವೊಂದು ನಡೆಯಿತು. ಕರಗಿಸುವಾಗ ಒಂದು ಗಟ್ಟಿಗೆ ಸ್ಟೇನ್‌ಲೆಸ್ ಸ್ಟೀಲ್ ಕಲಬೆರಕೆಯಾಯಿತು. ಆ ಕೆಟ್ಟ ಗಟ್ಟಿಯೇ ಉಳಿದೆಲ್ಲವಕ್ಕಿಂತ ಚೆನ್ನಾಗಿ ನೀರನ್ನು ತಡೆಯಿತು. ಕಬ್ಬಿಣ, ಕ್ರೋಮಿಯಂ, ನಿಕ್ಕಲ್ ಒಂದೊಂದು ಚಿಟಿಕೆ ಬೇಕು ಎಂಬುದು ಹೀಗೆ ಗೊತ್ತಾಯಿತು. ತವರವನ್ನು ಒಂದೂವರೆಗೆ ಇಳಿಸಿ ಜಿರ್ಕಲಾಯ್-2 ಮಾಡಿದರು. ನಾಟಿಲಸ್ ಜಲಾಂತರ್ಗಾಮಿಯ ರಿಯಾಕ್ಟರಿನ ಒಳಗೆ ಕೂತದ್ದು ಅದೇ ಲೋಹ.

ಈ ಲೋಹದ ಕಚ್ಚಾವಸ್ತುವಿಗೆ ನಾವು ಹೊರಗೆ ಕೈಚಾಚಬೇಕಾಗಿರಲಿಲ್ಲ. ಕೇರಳದ ಚವರ, ತಮಿಳುನಾಡಿನ ಮಣವಾಳಕುರಿಚಿಯ ಕಡಲತಡಿಯ ಕರಿಮರಳಿನಲ್ಲಿ ಜಿರ್ಕಾನ್ ಇದೆ. ಉಳ್ಳಾಲದಲ್ಲಿ ನಿಂತು ನಾವು ನೋಡುವ ಅದೇ ಪಡುವಣ ಕಡಲಿನ ದಂಡೆ ಚವರದ್ದು. ಹೈದರಾಬಾದಿನಲ್ಲಿ 1971ರಲ್ಲಿ ಸ್ಥಾಪನೆಯಾದ ನ್ಯೂಕ್ಲಿಯರ್ ಫ್ಯುಯೆಲ್ ಕಾಂಪ್ಲೆಕ್ಸ್ ಆ ಮರಳಿನಿಂದ ಹ್ಯಾಫ್ನಿಯಂ ಕಳೆದು, ಲೋಹ ಮಾಡಿ, ಕೊಳವೆ ಎಳೆಯಲು ಕಲಿಯಿತು. ಬೇರೆ ದೇಶಗಳು ನಮ್ಮ ಕೈಬಿಟ್ಟ ಕಾಲದಲ್ಲಿ ಇದನ್ನು ಇಲ್ಲೇ ಕಲಿತದ್ದು ಸಣ್ಣ ಸಾಧನೆಯಲ್ಲ ಎಂದು ನನ್ನ ಎಣಿಕೆ.

ಈ ಲೋಹ ನೀರಿಗೆ ಬಿದ್ದೊಡನೆ ಏನು ಮಾಡುತ್ತದೆ? ನೀರಿನ ಆಮ್ಲಜನಕವನ್ನು ಕಸಿದು ಮೈಮೇಲೆ ಜಿರ್ಕೋನಿಯಂ ಆಕ್ಸೈಡಿನ ಕಪ್ಪು ಪದರವನ್ನು ಬೆಳೆಸಿಕೊಳ್ಳುತ್ತದೆ. ಬಸದಿಯ ಮಾಡಿನ ತಾಮ್ರದಂತೆಯೇ. ಪದರ ಬೆಳೆದಷ್ಟೂ ನೀರು ಲೋಹವನ್ನು ಮುಟ್ಟುವುದು ಕಷ್ಟ. ಆದರೆ ಆಮ್ಲಜನಕ ಕಳೆದುಕೊಂಡ ನೀರಿನಲ್ಲಿ ಹೈಡ್ರೋಜನ್ ಉಳಿಯುತ್ತದಲ್ಲ, ಅದರಲ್ಲಿ ಒಂದು ಪಾಲು ಮೆಲ್ಲಗೆ ಲೋಹದೊಳಕ್ಕೆ ಇಳಿಯುತ್ತದೆ. ವರ್ಷಗಟ್ಟಲೆ ಇಳಿದದ್ದು ತಣ್ಣಗಿನ ಜಾಗದಲ್ಲಿ ಹೆಪ್ಪುಗಟ್ಟಿ ಲೋಹವನ್ನು ಹಪ್ಪಳದಂತೆ ಪೆಡಸು ಮಾಡುತ್ತದೆ. ಮೇಲಿನಿಂದ ನೋಡಿದರೆ ಕಪ್ಪು ಪದರ ಕನ್ನಡಿಯಂತೆ ಹೊಳೆಯುತ್ತಲೇ ಇರುತ್ತದೆ.

ಇದರ ನಿಜವಾದ ಅಪಾಯ ತಿಳಿದದ್ದು 1983ರ ಆಗಸ್ಟ್ 1ರಂದು, ಕೆನಡಾದ ಪಿಕರಿಂಗ್ ಸ್ಥಾವರದಲ್ಲಿ. ಎರಡನೆಯ ರಿಯಾಕ್ಟರಿನ ಜಿರ್ಕಲಾಯ್-2 ಕೊಳವೆಯೊಂದು ಓಡುತ್ತಿರುವಾಗಲೇ ಸುಮಾರು ಎರಡು ಮೀಟರ್ ಉದ್ದಕ್ಕೆ ಸೀಳಿತು. ಒಳಕೊಳವೆ ಹೊರಕೊಳವೆಗಳು ಒಂದಕ್ಕೊಂದು ತಾಗದಂತೆ ತಡೆಯುವ ಸ್ಪ್ರಿಂಗ್ ಬಳೆಗಳು ಜಾಗ ಬಿಟ್ಟು ಸರಿದಿದ್ದವು. ಬಿಸಿ ಕೊಳವೆ ಜೋತು ಬಿದ್ದು ತಣ್ಣನೆಯ ಕೊಳವೆಗೆ ತಾಗಿತ್ತು. ತಾಗಿದಲ್ಲಿ ಹೈಡ್ರೋಜನ್ ಬಂದು ಬೊಕ್ಕೆ ಎದ್ದಿತ್ತು. ಕೆಲಸಗಾರರು ರಿಯಾಕ್ಟರನ್ನು ಸುರಕ್ಷಿತವಾಗಿಯೇ ನಿಲ್ಲಿಸಿದರು. ಆದರೆ ಅದೇ ಬಗೆಯ ಕೊಳವೆಗಳು ರಾಜಸ್ಥಾನದಲ್ಲೂ ಕಲ್ಪಾಕ್ಕಂನಲ್ಲೂ ಇದ್ದವು. ಭಾರತದ ಎಂಜಿನಿಯರುಗಳ ನಿದ್ದೆ ಕೆಟ್ಟಿರಬೇಕು. ರಾಜಸ್ಥಾನದ ಎರಡನೆಯ ಘಟಕದ ಅಷ್ಟೂ ಕೊಳವೆಗಳನ್ನು 1994ರಿಂದ 1998ರವರೆಗೆ ಬದಲಾಯಿಸಿದರು. ಹೊಸ ಘಟಕಗಳಿಗೆ ಜಿರ್ಕೋನಿಯಂಗೆ ನೂರಕ್ಕೆ ಎರಡೂವರೆ ನಯೋಬಿಯಂ ಬೆರೆಸಿದ ಕೊಳವೆಗಳು ಬಂದವು. ಅವು ಹೈಡ್ರೋಜನನ್ನು ಬಹಳ ಕಡಿಮೆ ಹೀರುತ್ತವೆ. ಸ್ಪ್ರಿಂಗ್ ಬಳೆಗಳು ಎರಡರ ಬದಲು ನಾಲ್ಕಾದವು, ಬಿಗಿಯಾದವು. ಕೈಗಾ ಕಟ್ಟುವ ಹೊತ್ತಿಗೆ ಈ ಪಾಠ ಕಲಿತಾಗಿತ್ತು.

ಕೈಗಾ ಕಟ್ಟಿದ್ದು ಸುಲಭದಲ್ಲಲ್ಲ. ಕಾಳಿ ಕಣಿವೆಯ ಕಾಡಿಗೆ ರಿಯಾಕ್ಟರ್ ಬರುತ್ತದೆಂದಾಗ ಅದನ್ನು ಎದುರಿಸಿ ನಿಂತವರಲ್ಲಿ ನಮ್ಮ ಪಕ್ಕದ ಪುತ್ತೂರಿನ ಬಾಲವನದ ಶಿವರಾಮ ಕಾರಂತರಿದ್ದರು. 1989ರಲ್ಲಿ, ಎಂಬತ್ತೇಳರ ವಯಸ್ಸಿನಲ್ಲಿ, ಅವರು ಉತ್ತರ ಕನ್ನಡದಿಂದ ಲೋಕಸಭೆಗೆ ಸ್ಪರ್ಧಿಸಿದರು. ಸೋತರು. ಆದರೆ ಈ ಯಂತ್ರ ಕೆಟ್ಟರೆ ಏನು ಗತಿ ಎಂಬ ಅವರ ಪ್ರಶ್ನೆ ಸೋಲಲಿಲ್ಲ. ಅತ್ತ ಅಣುಶಕ್ತಿ ಆಯೋಗದ ಅಧ್ಯಕ್ಷರಾಗಿದ್ದವರು ಬೆಂಗಳೂರಿನಲ್ಲಿ ಹುಟ್ಟಿದ ಎಂ. ಆರ್. ಶ್ರೀನಿವಾಸನ್, ಭಾರಜಲ ರಿಯಾಕ್ಟರುಗಳೇ ದೇಶಕ್ಕೆ ಸರಿಯಾದ ದಾರಿ ಎಂದು ಬದುಕನ್ನೇ ಅದಕ್ಕೆ ಕೊಟ್ಟವರು. ಇಬ್ಬರೂ ಕನ್ನಡ ನಾಡಿನವರು. ನಾನು ಇಬ್ಬರನ್ನೂ ಗೌರವಿಸುತ್ತೇನೆ. ಕಾರಂತರಂಥವರು ಕೇಳಿದ ಕಾರಣಕ್ಕೇ ಒಳಗಿನವರು ಇನ್ನಷ್ಟು ಎಚ್ಚರದಿಂದ ಉತ್ತರ ಹುಡುಕಬೇಕಾಯಿತು ಎಂಬುದು ನನ್ನ ನಂಬಿಕೆ.

1994ರ ಮೇ 13ರಂದು ಒಂದನೆಯ ಘಟಕದ ಒಳಗುಮ್ಮಟದ ಕಾಂಕ್ರೀಟು ಪದರ ಬಿಟ್ಟು ಕುಸಿಯಿತು. ಕೆಲಸಗಾರರು ಗಾಯಗೊಂಡರು. ಇಂಧನ ಇನ್ನೂ ಬಂದಿರಲಿಲ್ಲ. ಗುಮ್ಮಟವನ್ನು ಹೊಸ ವಿನ್ಯಾಸದಲ್ಲಿ ಮತ್ತೆ ಕಟ್ಟಿದರು, ವರ್ಷಗಳು ಹಿಂದೆ ಬಿದ್ದವು. ಹಾಗಾಗಿ ಎರಡನೆಯ ಘಟಕವೇ ಮೊದಲು, 2000ದ ಮಾರ್ಚಿನಲ್ಲಿ, ವಾಣಿಜ್ಯ ಉತ್ಪಾದನೆಗೆ ಇಳಿಯಿತು. ಒಂದನೆಯದು ಅದೇ ವರ್ಷ ನವೆಂಬರಿನಲ್ಲಿ. ಗುಮ್ಮಟ ಕುಸಿದದ್ದು ಮೇ 13, ಇಪ್ಪತ್ತೆರಡು ವರ್ಷಗಳ ಬಳಿಕ ಅದೇ ಘಟಕ ದಾಖಲೆಯ ಓಟವನ್ನು ಶುರು ಮಾಡಿದ್ದೂ ಮೇ 13. ಕಾಕತಾಳೀಯವೇ ಇರಬಹುದು. ಆ ಎರಡು ದಿನಗಳನ್ನೂ ಕಂಡ ಕೆಲಸಗಾರರು ಯಾರಾದರೂ ಇದ್ದರೆ ಅವರ ಮಾತನ್ನು ಕೇಳಬೇಕೆಂಬ ಆಸೆ ನನಗಿದೆ.

ಈಗ ಕರಿಪದರದ ಮಾತಿಗೆ ಬರುತ್ತೇನೆ. ಕೊಳವೆ ಜಿರ್ಕೋನಿಯಂನದು, ಫೀಡರ್ ಪೈಪುಗಳು ಮಾತ್ರ ಸಾದಾ ಉಕ್ಕಿನವು. ನಮ್ಮ ಹಾರೆ ಕತ್ತಿಗಳ ನೆಂಟರು. ಬಿಸಿನೀರು ಅವುಗಳಿಂದ ಕಬ್ಬಿಣವನ್ನು ಕರಗಿಸಿ ಒಯ್ದರೆ ಅದು ಇಂಧನದ ಮೇಲೆ ಕೂರುತ್ತದೆ, ಅಲ್ಲಿ ವಿಕಿರಣಶೀಲವಾಗುತ್ತದೆ, ತಿರುಗಿ ಬಂದು ಪೈಪುಗಳಲ್ಲಿ ನೆಲಸುತ್ತದೆ. ನಾಳೆ ಆ ಪೈಪಿನ ಪಕ್ಕ ನಿಂತು ಕೆಲಸ ಮಾಡುವವನ ಮೈಗೆ ಆ ವಿಕಿರಣ ತಾಗುತ್ತದೆ. ಅದಕ್ಕಾಗಿ ಇಂಧನ ತುಂಬುವ ಮೊದಲೇ ಒಂದು ಕೆಲಸವಿದೆ. ಅದಕ್ಕೆ ಹಾಟ್ ಕಂಡೀಷನಿಂಗ್ ಎನ್ನುತ್ತಾರೆ. ಇಡೀ ವ್ಯವಸ್ಥೆಗೆ ಸಾಮಾನ್ಯ ಶುದ್ಧನೀರು ತುಂಬಿ, ಅದರಲ್ಲಿ ಕರಗಿದ ಆಮ್ಲಜನಕವನ್ನು ತೆಗೆದು, ಲಿಥಿಯಂ ಹೈಡ್ರಾಕ್ಸೈಡ್ ಹಾಕಿ ಕ್ಷಾರೀಯ ಮಾಡುತ್ತಾರೆ. ಆಮೇಲೆ ದೊಡ್ಡ ಪಂಪುಗಳನ್ನು ಓಡಿಸುತ್ತಾರೆ. ಪಂಪುಗಳ ದುಡಿಮೆಯಿಂದಲೇ ನೀರು 230–250 ಡಿಗ್ರಿಗೆ ಏರುತ್ತದೆ. ಹೀಗೆ ದಿನಗಟ್ಟಲೆ ಸುತ್ತಿಸಿದರೆ ಉಕ್ಕಿನ ಒಳಮೈಮೇಲೆ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಆಕ್ಸೈಡು ಕಪ್ಪಗೆ, ಬಿಗಿಯಾಗಿ ಹರಡಿಕೊಳ್ಳುತ್ತದೆ. ಅದರ ದಪ್ಪ ಒಂದು ಮೈಕ್ರಾನಿನ ಹತ್ತಿರ. ತಲೆಗೂದಲನ್ನು ಉದ್ದುದ್ದ ಎಪ್ಪತ್ತು ಸೀಳು ಮಾಡಿದರೆ ಒಂದು ಸೀಳಿನಷ್ಟು.

ಹೊಸ ಕಾವಲಿಯನ್ನು ದೋಸೆಗೆ ಪಳಗಿಸುವುದನ್ನು ಬಲ್ಲವರಿಗೆ ಇದರ ಮರ್ಮ ಬೇಗ ತಿಳಿಯುತ್ತದೆ. ಎಣ್ಣೆ ಸವರಿ, ಕಾಯಿಸಿ, ಆರಿಸಿ, ಮತ್ತೆ ಸವರಿ ಕಪ್ಪು ಮಾಡಿದ ಕಾವಲಿಯನ್ನು ಯಾರಾದರೂ ಹುಣಿಸೆ ಹಾಕಿ ತಿಕ್ಕಿದರೆ ಅಮ್ಮಂದಿರಿಗೆ ಬರುವ ಸಿಟ್ಟು ನೆನಪಿರಲಿ. ಸ್ಥಾವರದ ರಸಾಯನಶಾಸ್ತ್ರಜ್ಞರ ಕಾವಲೂ ಅಂಥದ್ದೇ. ನೀರಿನ ಪಿಎಚ್ 10ರ ಮೇಲೆ ಒಂದು ಸಣ್ಣ ಅಳತೆಯೊಳಗೇ ಇರಬೇಕು. ಇಳಿದರೆ ಮ್ಯಾಗ್ನಟೈಟ್ ಕರಗುತ್ತದೆ. ಏರಿದರೆ, ಲಿಥಿಯಂ ಹೆಚ್ಚಾಗಿ ಜಿರ್ಕೋನಿಯಂ ಪದರಕ್ಕೆ ಕುತ್ತು. ಆಮ್ಲಜನಕ ಹೆಚ್ಚಾಗಬಾರದು. 962 ದಿನವೂ, ಹಗಲು ಇರುಳು ಪಾಳಿಯಲ್ಲಿ, ನೀರಿನ ಮಾದರಿ ತೆಗೆದು ಅಳೆದವರ ಹೆಸರು ದಾಖಲೆಯಲ್ಲಿಲ್ಲ. ಆ ದಾಖಲೆಯ ದೊಡ್ಡ ಪಾಲು ಅವರದೇ ಎಂದು ನಾನು ಹೇಳುತ್ತೇನೆ.

ಅಷ್ಟು ಕಾದರೂ ಕೇಡು ಯಾವ ಬಾಗಿಲಿಂದ ಬರುತ್ತದೆಂದು ಹೇಳಲಾಗದು. ಕೈಗಾದ ಓಟ ಶುರುವಾಗುವ ಎರಡು ತಿಂಗಳ ಮೊದಲು, 2016ರ ಮಾರ್ಚ್ 11ರಂದು, ಗುಜರಾತಿನ ಕಾಕ್ರಾಪಾರದ ಒಂದನೆಯ ಘಟಕದಲ್ಲಿ ಕೊಳವೆಯೊಂದು ಸೋರಿತು. ಅದು ಹೊಸ ಬಗೆಯ ನಯೋಬಿಯಂ ಕೊಳವೆಯೇ. ರಿಯಾಕ್ಟರ್ ತಾನಾಗಿ ನಿಂತಿತು, ಸ್ಥಾವರದೊಳಗೆ ತುರ್ತುಸ್ಥಿತಿ ಸಾರಿದರು. ಆಮೇಲೆ ತೆಗೆದು ನೋಡಿದರೆ ಕೆಟ್ಟದ್ದು ನೀರು ಹರಿಯುವ ಒಳಮೈ ಅಲ್ಲ, ಹೊರಮೈ. ಅನಿಲವಿರುವ ಸಂದಿಯ ಕಡೆ, ಅಲ್ಲಲ್ಲಿ ಸಿಡುಬಿನ ಕಲೆಯಂತೆ ತುಕ್ಕಿನ ಚುಕ್ಕೆಗಳು. ಉಳಿದ ಕೊಳವೆಗಳಲ್ಲೂ ಅವು ಕಂಡವು. ಯಾರೂ ಅಷ್ಟಾಗಿ ಅನುಮಾನಿಸದ ಆ ಅನಿಲದ ಶುದ್ಧತೆಯ ಮೇಲೆ ಎಲ್ಲರ ಕಣ್ಣು ಬಿತ್ತು. ಒಳಗಿನ ಕಲಾಯಿಯನ್ನು ವರ್ಷ ವರ್ಷ ಹಾಕಿಸಿ, ಪಾತ್ರೆಯ ಹೊರಗಿನ ತಳ ತೂತಾದದ್ದನ್ನು ನೋಡದ ಮನೆಯವರಂತೆ ಆಯಿತು.

ಆ ದಿನಾಂಕಕ್ಕೆ ಸರಿಯಾಗಿ ಐದು ವರ್ಷ ಹಿಂದೆ, 2011ರ ಮಾರ್ಚ್ 11ರಂದು ಜಪಾನಿನ ಫುಕುಶಿಮಾ ಅಣುಸ್ಥಾವರದ ದುರಂತ ನಡೆದಿತ್ತು. ಸುನಾಮಿಯಿಂದ ಪಂಪುಗಳು ನಿಂತು, ಇಂಧನದ ಕವಚ ಸಾವಿರ ಡಿಗ್ರಿ ದಾಟಿ ಕಾದಾಗ ಅದುವರೆಗೆ ಕಾಪಾಡಿದ ಗುಣವೇ ತಿರುಗಿಬಿತ್ತು. ಜಿರ್ಕೋನಿಯಂ ಹಬೆಯ ಆಮ್ಲಜನಕವನ್ನು ಈಗ ಮೆಲ್ಲಗೆ ಕಸಿಯಲಿಲ್ಲ, ಬಾಚಿಕೊಂಡಿತು. ಹಾಗೆ ಮಾಡುವಾಗ ಶಾಖ ಹೊಮ್ಮಿತು, ರಾಶಿ ರಾಶಿ ಹೈಡ್ರೋಜನ್ ಎದ್ದಿತು. ಕಟ್ಟಡಗಳ ಚಾವಣಿ ಹಾರಿಸಿದ್ದು ಆ ಹೈಡ್ರೋಜನ್. ಲೋಹ ತಾನೇ ಬೆಳೆಸಿಕೊಂಡ ಪದರವನ್ನು ನಂಬಿ ಅರುವತ್ತು ವರ್ಷ ನಡೆದ ಜಗತ್ತು ಮತ್ತೆ ಕಲಾಯಿಯ ಕಡೆ ತಿರುಗಿದ್ದು ಆಮೇಲೆ. ಹಳೆಯ ಜಿರ್ಕೋನಿಯಂ ಕಡ್ಡಿಯ ಮೇಲೆ ಕ್ರೋಮಿಯಂ ಬಳಿದರೆ ಹೇಗೆ? ನಿರ್ವಾತದಲ್ಲಿ ಲೋಹದ ಆವಿ ಹಾಯಿಸಿಯೋ, ಪುಡಿಯನ್ನು ಅತಿವೇಗದಲ್ಲಿ ಹೊಡೆದೋ ಹತ್ತಿಪ್ಪತ್ತು ಮೈಕ್ರಾನ್ ದಪ್ಪ ಕೂರಿಸುತ್ತಾರೆ. 2019ರಲ್ಲಿ ಅಮೆರಿಕದ ವೋಗ್ಟಲ್ ಸ್ಥಾವರದಲ್ಲಿ ಅಂಥ ಪೂರ್ಣ ಉದ್ದದ ಕಡ್ಡಿಗಳನ್ನು ಪರೀಕ್ಷೆಗೆ ಇಳಿಸಿದರು. ಕ್ರೋಮಿಯಂ ಹಬೆಯನ್ನು ಬಹಳ ಹೊತ್ತು ತಡೆಯುತ್ತದೆ. ಆದರೆ ಸುಮಾರು 1330 ಡಿಗ್ರಿಯಲ್ಲಿ ಅದೂ ಜಿರ್ಕೋನಿಯಮೂ ಕೂಡಿ ಕರಗಿಬಿಡುತ್ತವೆ. ಈ ಲೇಪ ದೊರಕಿಸಿಕೊಡುವುದು ಸಮಯ. ಪಂಪನ್ನು ಮತ್ತೆ ಎಬ್ಬಿಸಲು ಬೇಕಾದ ಒಂದಿಷ್ಟು ಅಮೂಲ್ಯ ಹೊತ್ತು.

ಕಲ್ಪಾಕ್ಕಂನ ಫಾಸ್ಟ್ ಬ್ರೀಡರ್ ರಿಯಾಕ್ಟರಿನಲ್ಲಿ ಈ ಕತೆ ತಲೆಕೆಳಗು. ಅಲ್ಲಿ ಹರಿಯುವುದು ನೀರಲ್ಲ, ಕರಗಿದ ಸೋಡಿಯಂ. ಅದು ಲೋಹದ ಮೇಲಿನ ಆಕ್ಸೈಡನ್ನು ತೊಳೆದು ಹಾಕುತ್ತದೆ. ಕವಚ ಕಳಚಿದ ಎರಡು ಉಕ್ಕಿನ ಭಾಗಗಳು ಒತ್ತಿಕೊಂಡು ಕೂತರೆ ಒಂದಕ್ಕೊಂದು ಅಂಟಿ ಬೆಸೆದುಹೋಗುತ್ತವೆ. ಅದಕ್ಕೇ ಉಜ್ಜುವ ಜಾಗಗಳಿಗೆಲ್ಲ ಗಟ್ಟಿ ಮಿಶ್ರಲೋಹದ ಲೇಪ ಬೇಕು. ಕೋಬಾಲ್ಟಿನ ಲೇಪ ಎಲ್ಲಕ್ಕಿಂತ ಗಟ್ಟಿ ಎನ್ನುತ್ತಿದ್ದರು. ಆದರೆ ಕೋಬಾಲ್ಟ್ ನ್ಯೂಟ್ರಾನ್ ನುಂಗಿ ಕೋಬಾಲ್ಟ್-60 ಆಗುತ್ತದೆ, ದುರಸ್ತಿಗೆ ಹೋದವರನ್ನು ಸುಡುತ್ತದೆ. ಹಾಗಾಗಿ ನಿಕ್ಕಲ್ ಆಧಾರದ ಲೇಪವನ್ನು ಆರಿಸಿಕೊಂಡರು.

ಇನ್ನು ನಮ್ಮೂರಿನ ಕಡೆಗೆ ಬಂದರೆ, ಮಿಜಾರಿನ, ಬೆಂಜನಪದವಿನ, ಉಜಿರೆಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಇಂದು ಲೋಹಗಳ ಪಾಠ ಕೇಳುವ ಮಕ್ಕಳು ಮೂಡುಬಿದಿರೆ, ಬಂಟ್ವಾಳ, ಬೆಳ್ತಂಗಡಿ ತಾಲ್ಲೂಕುಗಳಲ್ಲೇ ಇದ್ದಾರೆ. ಅವರಲ್ಲಿ ಬಹುಪಾಲು ಕಲಾಯಿ ಹಾಕುವುದನ್ನು ಕಣ್ಣಾರೆ ಕಂಡಿರಲಿಕ್ಕಿಲ್ಲ. ಸ್ಟೀಲ್ ಪಾತ್ರೆ ಬಂದ ಮೇಲೆ ಆ ಕಸುಬು ನಮ್ಮ ಅಂಗಳಗಳಿಂದ ಹೆಚ್ಚುಕಡಿಮೆ ಮರೆಯಾಯಿತು. ಸ್ಟೀಲನ್ನು ಕಾಯುತ್ತಿರುವುದೂ ಕ್ರೋಮಿಯಂ ಆಕ್ಸೈಡಿನ ಕಣ್ಣಿಗೆ ಕಾಣದ ಪದರವೇ ಎಂದು ಅವರಿಗೆ ಮೇಷ್ಟ್ರು ಹೇಳಿಕೊಡುತ್ತಾರೆ. ಜತೆಗೆ ಒಂದು ದಿನ ಹಳೆಯ ಹಿತ್ತಾಳೆ ಪಾತ್ರೆಯನ್ನೂ ತರಗತಿಗೆ ತಂದು ತೋರಿಸಿದರೆ ಎಷ್ಟು ಚೆನ್ನ!

ಕೈಗಾದ ದಾಖಲೆ ಸುಮಾರು ಎರಡು ವರ್ಷ ಬಾಳಿತು. 2020ರ ಸೆಪ್ಟೆಂಬರಿನಲ್ಲಿ ಕೆನಡಾದ ಡಾರ್ಲಿಂಗ್ಟನ್ ಅದನ್ನು ದಾಟಿ, 1106 ದಿನ ಓಡಿ ನಿಂತಿತು. ಅದೂ ಭಾರಜಲ ರಿಯಾಕ್ಟರೇ, ಕೈಗಾದ ಸೋದರ ಸಂಬಂಧಿ. ಕೈಗಾದಲ್ಲಿ ಈಗ 700 ಮೆಗಾವಾಟಿನ ಐದು, ಆರನೆಯ ಘಟಕಗಳ ಕೆಲಸ ನಡೆದಿದೆ. ಒಂದೊಂದರಲ್ಲೂ 392 ಕೊಳವೆಗಳು, ಅವಕ್ಕೆ ಎರಡರಂತೆ 784 ಫೀಡರ್ ಪೈಪುಗಳು. ಕಟ್ಟಿ ಮುಗಿದ ಮೇಲೆ, ಒಂದು ತುಂಡು ಯುರೇನಿಯಂ ಒಳಗೆ ಹೋಗುವ ಮೊದಲು, ಅಲ್ಲಿಯೂ ಪಂಪುಗಳು ಬರೀ ನೀರನ್ನು ಸುತ್ತಿಸಿ ಕಾಯಿಸುತ್ತವೆ, ಯಾರೋ ಒಬ್ಬರು ಮಾದರಿ ತೆಗೆದು ಪಿಎಚ್ ಬರೆದಿಡುತ್ತಾರೆ, ಉಕ್ಕು ಒಳಗೊಳಗೇ ಕಪ್ಪಾಗುತ್ತ ಹೋಗುತ್ತದೆ.